ಸಂತೋಷಕ್ಕೊಂದು ತಿದ್ದುಪಡಿ

ಮಂಡ್ಯ
೧೨-೬-೧೯೭೪

ಚಿ|| ಸೌ|| ಪಂಕಜಳಿಗೆ,

ಆಶೀರ್ವಾದಗಳು. ಗಂಡನಾದವನು ಹೀಗೆ ಬರೆಯುವುದು ವಾಡಿಕೆ, ಬರೆದಿದ್ದೇನೆ. ನನ್ನ ಆಶೀರ್ವಾದದಿಂದ ಈ ಆರು ವರ್ಷದಲ್ಲಿ ನಿನಗಾದ ಉಪಕಾರವೇನೆಂದು ಯೋಚಿಸಿದೆ, ನೆನಪಿಗೆ ಬರಲಿಲ್ಲ.

ನಿನ್ನ ಲಕೋಟೆ ಮೂರನೇ ತಾರೀಕೇ ತಲುಪಿತು. ನೀನು ಮಳವಳ್ಳಿಯ ತೌರಿಗೆ ಹೋಗಿ ನಾಲ್ಕು ತಿಂಗಳಾದ ಮೇಲೆ ಬಂದ ಲಕೋಟೆ. ಒಳಗೆ ಎರಡೇ ಕಾಗದ. ಒಂದು, ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿದ್ದಕ್ಕೆ ನೀನು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದ ಒಪ್ಪಿಗೆ ಪತ್ರ. ಇನ್ನೊಂದು ಚೀಟಿ: "ಹದಿನೈದರೊಳಗೆ ಶಾಲೆಗೆ ಕೊಡಬೇಕು. ತಪ್ಪಿಲ್ಲದಿದ್ದರೆ ಇದನ್ನೇ ಕೊಡುತ್ತೇನೆ, ಇದ್ದರೆ ತಿದ್ದಿ ಕಳಿಸಿ. ತುಂಬಾ ಸಂತೋಷವಾಗಿದೆ ಅನ್ನುವುದನ್ನು ಇಂಗ್ಲಿಷಿನಲ್ಲಿ ಸರಿಯಾಗಿ, ಸಹಜವಾಗಿ ಹೇಗೆ ಹೇಳುತ್ತಾರೆ?"

ಅವತ್ತು ಬೆಳಿಗ್ಗೆಯೇ ದವಡೆಹಲ್ಲು ಕೀಳಿಸಿಕೊಂಡು ಬಂದಿದ್ದೆ. ಸೂಜಿ ಚುಚ್ಚಿದ್ದರಿಂದ ಅರ್ಧ ಮುಖ ನನ್ನದಾಗಿರಲಿಲ್ಲ. ನಿನ್ನ ಕಾಗದ ಓದಿ, ಸಂತೋಷವಾಯಿತೇ ಅಂತ ನೋಡಿಕೊಂಡೆ. ಇಲ್ಲ. ಹಾಗಾದರೆ ದುಃಖ? ಅದೂ ಇಲ್ಲ. ಸಂಜೆಯ ಹೊತ್ತಿಗೆ ಕೆನ್ನೆ ವಾಪಸು ಬಂತು. ಮಿಕ್ಕದ್ದು ಬರಲಿಲ್ಲ.

ಇರಲಿ, ಕೇಳಿದ್ದಕ್ಕೆ ಉತ್ತರ ಹೇಳುವುದು ಮೇಷ್ಟರ ಧರ್ಮ. ಶಾಲೆಗೆ ಬರೆಯುವಾಗ 'ಐ ಯಾಮ್ ಗ್ಲ್ಯಾಡ್' ಅಂದರೆ ಸಾಕು. ಸರ್ಕಾರಿ ಕಾಗದದಲ್ಲಿ ಅದಕ್ಕಿಂತ ಹೆಚ್ಚು ಸಂತೋಷ ಹಿಡಿಸುವುದಿಲ್ಲ. ಗೆಳತಿಗಾದರೆ 'ಐ ಯಾಮ್ ಥ್ರಿಲ್ಡ್' ಅನ್ನಬಹುದು. ಬೇಗ ಕೆಲಸಕ್ಕೆ ಸೇರುವ ಆಸೆಯನ್ನು 'ಐ ಕಾಂಟ್ ವೇಟ್' ಅಂತ ಹೇಳುತ್ತಾರೆ. ಅದನ್ನೇ ಕನ್ನಡದಲ್ಲಿ 'ನಾನು ಕಾಯಲಾರೆ' ಅಂದರೆ ಸೀಮೆಎಣ್ಣೆ ಕ್ಯೂನಲ್ಲಿ ಜಗಳಕ್ಕೆ ನಿಂತ ಹಾಗಾಗುತ್ತದೆ. 'ಎಕ್ಸೈಟ್' ಅನ್ನುವ ಮಾತನ್ನು ನಮ್ಮ ಊರಲ್ಲಿ ಡಾಕ್ಟರು ರಕ್ತದೊತ್ತಡದವರಿಗೆ ಮಾತ್ರ ಹೇಳುತ್ತಾರೆ, ಅದೂ ಆಗಬೇಡಿ ಅಂತ. ನಾನು ಆ ಡಾಕ್ಟರ ಮಾತನ್ನು ರೋಗ ಬರುವ ಮೊದಲೇ ಪಾಲಿಸಿದವನು.

ಪಾಠ ಮುಗಿಯಿತು. ಕ್ಲಾಸಿನಲ್ಲಾದರೆ ಇಲ್ಲಿ ಹುಡುಗರು ನಗುತ್ತಾರೆ.

ಮೊನ್ನೆ ಹನಕೆರೆಯಿಂದ ಹಾಲು ತರುವ ಅಂಕಮ್ಮ, "ಅಮ್ಮೋರು ಯಾವಾಗ ಬತ್ತಾರೆ ಬುದ್ಧಿ?" ಅಂದಳು. ಬರುವುದು ಅನುಮಾನ, ಮಳವಳ್ಳಿಯಲ್ಲೇ ಕೆಲಸ ಸಿಕ್ಕಿದೆ ಅಂದೆ. ಅಳತೆಯ ಲೋಟ ಕೈಲಿ ಹಿಡಿದೇ ಅವಳು, "ಅಯ್ಯೋ ನನ್ನವ್ವ! ಟೀಚರಮ್ಮ ಆಗ್ಬುಟ್ರಾ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಅರ್ಧ ಲೋಟ ಹಾಲು ಮೆಟ್ಟಿಲ ಮೇಲೆ ಹೋಯಿತು. ಆಮೇಲೆ ನನ್ನ ಮುಖ ನೋಡಿ, "ಇದ್ಯಾಕ್ ಬುದ್ಧಿ, ನಿಮ್ಗೇನೂ ಅನ್ನಿಸ್ಲೇ ಇಲ್ವಾ?" ಅಂದಳು. ಹಲ್ಲು ಕೀಳಿಸಿದ್ದೇನೆ ಅಂದೆ. "ಹಲ್ ಕಿತ್ರೆ ಬಾಯ್ ನೋಯ್ತದೆ, ಅದ್ಕೂ ಇದ್ಕೂ ಏನ್ ಸಂಬಂದ?" ಅಂತ ಚೆಲ್ಲಿದಷ್ಟು ಹಾಲು ಮತ್ತೆ ಹಾಕಿ ಹೋದಳು.

ನಿನ್ನ ಬಿ.ಎ. ರಿಸಲ್ಟು ಬಂದ ದಿನ ನೆನಪಾಯಿತು. ಮನೆಯಲ್ಲೇ ಓದಿ ಪಾಸು ಮಾಡಿದವಳು ನೀನು. ಪೇಪರು ಹಿಡಿದು ಬೀದಿಯಿಂದಲೇ ಓಡಿಬಂದು, ನನಗಾಗಿ ಇಂಗ್ಲಿಷಿನಲ್ಲಿ, ಆಕಾಶದ ತನಕ ಸಂತೋಷ ಅಂತ ಏನೋ ಹೇಳಿದೆ. ಇಂಗ್ಲಿಷಿನವರು ಆಕಾಶವನ್ನು ಹಾಗೆಲ್ಲ ಎಳೆದು ತರುವುದಿಲ್ಲ, 'ಐ ಯಾಮ್ ಸೋ ಹ್ಯಾಪಿ' ಅನ್ನು ಸಾಕು ಅಂತ ನಾನಂದೆ. ನೀನು ಬಾಗಿಲಲ್ಲೇ ನಿಂತು ಅಷ್ಟನ್ನೂ ಒಪ್ಪಿಸಿದೆ. ವಾಕ್ಯ ಸರಿಯಾಗಿತ್ತು. ನೀನು ಪೇಪರು ಮಡಿಸಿಟ್ಟು ಒಲೆ ಹತ್ತಿಸಲು ಹೋದೆ. ಪಾಸಾದೆಯಲ್ಲ, ಭೇಷ್ ಅಂತ ನಾನು ಅವತ್ತು ಅನ್ನಲಿಲ್ಲ. ಮಾರನೆಯ ದಿನವೂ ಅನ್ನಲಿಲ್ಲ.

ತೌರಿಗೆ ಹೋದ ಹೊಸದರಲ್ಲಿ ನೀನು ಬರೆದ ಇಂಗ್ಲಿಷ್ ಕಾಗದಗಳನ್ನು ಕೆಂಪು ಮಸಿಯಲ್ಲಿ ತಿದ್ದಿ ನಿನಗೇ ವಾಪಸು ಕಳಿಸುತ್ತಿದ್ದೆ. ನಿನ್ನ ಒಳ್ಳೆಯದಕ್ಕೇ ಅಂದುಕೊಂಡಿದ್ದೆ. ನೀವಿಲ್ಲದೆ ಬೇಸರ ಅಂತ ಬರೆದಿದ್ದ ಕಾಗದವನ್ನೂ ತಿದ್ದಿದೆ. ಆಮೇಲೆ ಕಾಗದ ಬರಲಿಲ್ಲ, ನೀನೂ ಬರಲಿಲ್ಲ. ಕರೆದುಕೊಂಡು ಹೋಗಲು ಬಂದಾಗ ನಿಮ್ಮಮ್ಮ ತಿರುಮಲಮ್ಮನವರು ಬಾಗಿಲಲ್ಲೇ ಹೇಳಿದರು: "ಅವಳಿಗೆ ನಿಮ್ಮ ಮೇಲೆ ಕೋಪ ಇಲ್ಲ ಅಳಿಯಂದಿರೇ. ನಿಮ್ಮ ಮುಂದೆ ನಗಬೇಕಾದರೂ ಸರಿಯಾಗಿ ನಗುತ್ತಾ ಇದ್ದೀನಾ ಅಂತ ನೋಡಿಕೊಳ್ಳಬೇಕಂತೆ." ಅದಕ್ಕೂ ನಾನು ಏನೋ ತಮಾಷೆ ಮಾಡಿ ಬಸ್ಸು ಹತ್ತಿದೆ.

ಈಗ ಹೇಳಬೇಕಾದದ್ದು. ನಿನ್ನ ಒಪ್ಪಿಗೆ ಪತ್ರವನ್ನು ಎಂಟು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಪುರಸೊತ್ತಿರಲಿಲ್ಲ ಅಂತ ಬರೆಯೋಣ ಅಂದುಕೊಂಡೆ, ಅದು ಸುಳ್ಳು. ಹದಿನೈದು ಕಳೆದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ನೀನು ಮಂಡ್ಯಕ್ಕೆ ಬರುತ್ತೀಯೆ. ಇಷ್ಟೇ ನನ್ನ ಲೆಕ್ಕಾಚಾರ. ಈ ಲೆಕ್ಕ ಹಾಕುವಾಗಲೇ ನಾಚಿಕೆಯಾಗಬೇಕಿತ್ತು. ಕಾದು ನೋಡಿದೆ, ಅದೂ ಬರಲಿಲ್ಲ.

'ಕುಣಿಯುವಷ್ಟು ಸಂತೋಷದಿಂದ ಒಪ್ಪಿಕೊಂಡಿದ್ದೇನೆ' ಅಂತ ನೀನು ಬರೆದ ಇಂಗ್ಲಿಷಿನ ಮೇಲೆ ಪೆನ್ನು ಹಿಡಿದು ಕೂತಿದ್ದೆ. ಹೀಗೆ ಯಾರೂ ಬರೆಯುವುದಿಲ್ಲ. ಆದರೂ ಒಂದಕ್ಷರ ಮುಟ್ಟಲಿಲ್ಲ.

ಅಮ್ಮನವರಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ (ನೀನು ಒಪ್ಪಿದರೆ)
ಯೋಗಾನರಸಿಂಹ

ತಾ.ಕ.: ಲಕೋಟೆಯಲ್ಲಿ ಒಪ್ಪಿಗೆ ಪತ್ರ ಹುಡುಕಬೇಡ. ನಿನ್ನೆ ನಾನೇ ಮಳವಳ್ಳಿಗೆ ಬಂದು ಶಾಲೆಯ ಆಫೀಸಿನಲ್ಲಿ ಕೊಟ್ಟೆ. ಅದನ್ನು ತೆಗೆದುಕೊಂಡ ಗುಮಾಸ್ತರು ಬರೆದುಕೊಟ್ಟ ಚೀಟಿ ಇದರೊಂದಿಗಿದೆ. ನಿನ್ನನ್ನು ಕೇಳದೆ ಕೊಟ್ಟೆ, ಬೈಯಬಹುದು. ಅಲ್ಲಿಂದ ನಿಮ್ಮ ಮನೆಗೇ ಹೊರಟಿದ್ದೆ. ಮನೆಯ ಮುಂದೆ ನೀನು ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕದ ಮನೆಯ ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದೆ. "ಗೆದ್ದೆ ಕಣ್ರೇ!" ಅಂತ ಕೂಗಿದೆ. ನಿನಗೆ ಅಷ್ಟು ದೊಡ್ಡ ಧ್ವನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ನನ್ನನ್ನು ಕಂಡರೆ ನಿಲ್ಲಿಸಿಬಿಡುತ್ತೀಯೆ ಅನ್ನಿಸಿ ಹಿಂದಿನ ಬೀದಿಯಲ್ಲಿ ಹೊರಟುಹೋದೆ. ನೇರ ಬಸ್ಸು ತಪ್ಪಿ ಮದ್ದೂರಿನ ಮೇಲೆ ಬಂದೆ. ಮದ್ದೂರು ದಾಟುವಷ್ಟರಲ್ಲಿ, ಎಂಟು ದಿನದ ಮೇಲೆ, ಸೂಜಿಯ ಮದ್ದು ಇಳಿಯಿತು ಅಂತ ಕಾಣುತ್ತದೆ. ನೋಯುತ್ತಿದೆ ಪಂಕಜ. ಹಲ್ಲಲ್ಲ.