ಬಲೂನಿನ ಕೆಳಗಿನ ಕೈ

ಬೆಟಗೇರಿ, ಗದಗ
೨೧೮೭, ಫೆಬ್ರವರಿ ೩೦

ರಾಜಮಾ ನದಾಫ್ ಅವರಿಗೆ,

ತಾರೀಕು ತಪ್ಪಲ್ಲ, ನಾವು ಫೆಬ್ರವರಿಗೆ ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ಈ ಪತ್ರವನ್ನು ಕಾಲದಲ್ಲಿ ಹಿಂದಕ್ಕೆ, ನಿಮ್ಮ ದಿನಗಳಿಗೆ ಕಳಿಸುತ್ತಿದ್ದೇನೆ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಮ್ಮಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಬಿಸಿಲಿಗೆ ಯಾರೂ ಹೊರಡುವಂತಿಲ್ಲ. ಆ ಹೊತ್ತಿಗೆ ನೆರಳುಪಾಳಿ ಎನ್ನುತ್ತೇವೆ. ಓಣಿಯವರೆಲ್ಲ ನೆಲಮಾಳಿಗೆಗೆ ಇಳಿದು, ಕಾಳು ಆರಿಸುತ್ತ, ಬಟ್ಟೆಗೆ ತೇಪೆ ಹಾಕುತ್ತ, ಒಂದೇ ಪುಸ್ತಕವನ್ನು ಸೇರಿ ಓದುತ್ತೇವೆ. ಓದಿ ಪುಟ ತಿರುವುವ ಕೆಲಸ ನನ್ನದು. ಹೆಚ್ಚಿನವು ಅನುವಾದಗಳು. ಅನುವಾದದಲ್ಲಿ ಏನೋ ಕಳೆದಿರುತ್ತದೆಂದು ಗೊತ್ತಿದ್ದೇ ಓದುವವಳು ನಾನು, ಸೇರಿಸಿದ್ದನ್ನು ಸಹಿಸಲಾರೆ.

ಈ ಸಲ ನಿಮ್ಮ ತಂದೆಯ ಬಗ್ಗೆ ನೀವೇ ಚಿತ್ರಿಸಿದ ಕಥೆ, 'ಬಿಲ್ಲಿನ ಮನೆ' ಗ್ರಾಫಿಕ್ ಕಾದಂಬರಿ ಬಂತು. ನಿಮ್ಮ ಕನ್ನಡ ಪ್ರತಿ ಒಂದೂ ಉಳಿದಿಲ್ಲ. ಹೊರದೇಶದ ಒಂದು ಅನುವಾದ ಉಳಿದಿತ್ತು. ಅದನ್ನೇ ನಮ್ಮವರು ಮರಳಿ ಕನ್ನಡಕ್ಕೆ ತಂದಿದ್ದಾರೆ. ನಿಮ್ಮ ತಂದೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಗಾದಿಯ ಹತ್ತಿ ಹಿಂಜುತ್ತಾರೆ. ಬಾಯಿ ತೆರೆದರೆ ಧೂಳು ಒಳಗೆ. ನಿಮ್ಮ ತಾಯಿ ಅಡುಗೆಮನೆಯಿಂದ ಚಹಾ ಬೇಕೇ ಎಂದು ಕೂಗಿದರೆ, ಹಿಂಜುವ ಬಿಲ್ಲಿನ ತಂತಿ ಮೀಟಿ ಉತ್ತರ ಕೊಡುತ್ತಾರೆ: ಒಂದು ಮೀಟು ಹೂಂ, ಎರಡು ಬೇಡ. ಮೀಟಿಗೊಂದು ನಡುಗುವ ಗೆರೆ ಎಳೆದಿದ್ದೀರಿ. ಮೂರನೆಯ ಪುಟದಲ್ಲೇ ನಮಗೆ ತಿಳಿಯಿತು, ಯಾರೂ ವಿವರಿಸಬೇಕಾಗಲಿಲ್ಲ.

ಆಮೇಲೆ ತಾಯಿ ತೀರಿಕೊಳ್ಳುತ್ತಾರೆ. ಹದಿನೇಳರ ನೀವು ಬಾಗಿಲಲ್ಲಿ ನಿಂತು, "ಅಪ್ಪಾ, ನಾ ಚಿತ್ರಾ ಕಲೀಲಿಕ್ಕೆ ಹೋಗ್ಲೇನು?" ಎಂದು ಕೇಳುತ್ತೀರಿ. ಮುಂದಿನ ಹನ್ನೊಂದು ಪುಟ ಅವರು ಹಿಂಜುತ್ತಲೇ ಇರುತ್ತಾರೆ, ಚೌಕಕ್ಕೊಂದು ಮಾತಿನ ಬಲೂನಿನೊಂದಿಗೆ. "ಮಗಳೇ, ಬದುಕು ಈ ಹತ್ತಿಯಂತೆ, ಹಿಂಜಿದಷ್ಟೂ ಹಗುರ." ಇಂಥವು ನಲವತ್ತು.

ನಾನು ಗಟ್ಟಿಯಾಗಿ ಓದುತ್ತಿದ್ದೆ. ಬೀಜದ ಉಗ್ರಾಣದಲ್ಲಿ ದುಡಿಯುವ ಗುರುಲಿಂಗವ್ವ ತಡೆದಳು. "ಅಕ್ಕಾರ, ತಡೀರಿ. ಬಾಯಿಗೆ ಬಟ್ಟಿ ಕಟ್ಕೊಂಡಾನ ಅಂವ. ಇಷ್ಟ್ ಮಾತು ಎಲ್ಲಿಂದ ಬಂದ್ವು, ಕಿವ್ಯಾಗಿಂದೇನು?" ಎಲ್ಲರೂ ನಕ್ಕರು. ನನಗೆ ನಾಚಿಕೆಯಾಯಿತು. ಇಷ್ಟು ಪುಸ್ತಕ ಓದಿದ ನನಗೆ ಕಾಣಲಿಲ್ಲ; ಉಗ್ರಾಣದ ಧೂಳಿಗೆ ದಿನವೂ ಬಾಯಿಗೆ ಬಟ್ಟೆ ಕಟ್ಟುವವಳಿಗೆ ಕಂಡಿತು.

ಕೊನೆಯ ಹಾಳೆಯಲ್ಲಿ ಆ ಹೊರದೇಶದ ಸಂಪಾದಕರ ಟಿಪ್ಪಣಿ ಇದೆ: "ಮೂಕ ಪುಟಗಳು ಓದುಗರಿಗೆ ಬೇಸರ ತರಬಹುದೆಂದು ಮಾತು ತುಂಬಿದ್ದೇವೆ. ಕಲಾವಿದೆ ಒಪ್ಪಿ ಸಹಿ ಮಾಡಿದ್ದಾರೆ." ಸಹಿಯ ತಾರೀಕು, ಈ ಪತ್ರ ನಿಮ್ಮ ಕೈ ಸೇರಿದ ಮೇಲೆ ಬರುವ ಗುರುವಾರದ್ದು. ಯಾವ ಓದುಗರಿಗೆ ಬೇಸರ? ಯಾರನ್ನು ಕೇಳಿದರು? ಹನ್ನೊಂದು ಪುಟ ಸುಮ್ಮನೆ ಕೂರಲಾರದವರು ಆ ಸಂಪಾದಕರು. ನಿಮ್ಮ ಮೇಲೂ ನನಗೆ ಸಿಟ್ಟಿದೆ. ಆ ಮನೆಯಲ್ಲಿ ಬೆಳೆದ ನೀವು, ತಂದೆಯ ಬಾಯಿಗೆ ಈ ಮಾತು ತುರುಕಲು ಹೇಗೆ ಬಿಟ್ಟಿರಿ?

ಬಲೂನುಗಳ ಮೇಲೆ ಬಿಳಿ ಚೀಟಿ ಅಂಟಿಸಿ ಮತ್ತೆ ನೋಡಿದೆವು. ಕಾಳು ಆರಿಸುವ ಕೈಗಳೂ ನಿಂತವು. ಯಾರಿಗೂ ಬೇಸರ ಬರಲಿಲ್ಲ. ಆದರೆ ಕೊನೆಯ ಚೌಕಕ್ಕೆ ಚೀಟಿಯಿಂದ ಉಪಯೋಗವಿಲ್ಲ. "ಹೋಗು ಮಗಳೇ, ಬಾನಗಲ ಹಾರು" ಎಂಬ ಬಲೂನು ಸರಿಯಾಗಿ ಅವರ ಬಲಗೈ ಮೇಲೆ, ತಂತಿಯ ಮೇಲೆ ಕೂತಿದೆ. ಅದರ ಕೆಳಗೆ ನೀವು ಎಳೆದದ್ದು ಒಂದು ಗೆರೆಯೋ, ಎರಡೋ? ನೀವು ಕಲಾವಿದೆಯಾದಿರಿ, ಆದ್ದರಿಂದ ಒಂದೇ ಎನ್ನುತ್ತಾರೆ ಕೆಲವರು. ಅಪ್ಪ ಬೇಡವೆಂದರೂ ಹೋಗಿರುತ್ತಾಳೆ ಎನ್ನುತ್ತಾಳೆ ಗುರುಲಿಂಗವ್ವ.

ಗುರುವಾರ ಸಹಿ ಹಾಕಬೇಡಿ. ನಾಳೆ ನೆರಳುಪಾಳಿಗೆ ಇಳಿದಾಗ ಮೊದಲು ಆ ಪುಟವನ್ನೇ ತೆರೆಯುತ್ತೇನೆ. ಎರಡು ಗೆರೆ ಇದ್ದರೂ ನಮಗೆ ಸರಿ. ಆ ಕೈ ಕಾಣಲಿ.

ಚಂಪಾವತಿ ಹುಯಿಲಗೋಳ