ಅಪ್ಪನ ಬಲಗಾಲು

ಸೋಲಾಪುರ,
ಬುಧವಾರ, ೬ ಮೇ ೧೯೯೮

ಪ್ರೀತಿಯ ಅವ್ವನಿಗೆ ಸೋನುವಿನ ಸಪ್ರೇಮ ಜಯಭೀಮ.

ಈ ಪತ್ರವನ್ನು ಕೇತಕಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ನನ್ನ ಜೊತೆ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುವ ಹುಡುಗಿ. ನಾಳೆ ಗುರುವಾರ, ಸ್ವಾಮಿಗಳ ದರ್ಶನಕ್ಕೆ ಅಕ್ಕಲಕೋಟಕ್ಕೆ ಬರುತ್ತಾಳೆ. ಅಪ್ಪ ಡ್ಯೂಟಿಗೆ ಹೋದ ಮೇಲೆಯೇ ಮನೆಗೆ ಹೋಗು ಎಂದು ಅವಳಿಗೆ ಎರಡು ಸಲ ಹೇಳಿದ್ದೇನೆ. ಕಿರಾಣಿ ಅಂಗಡಿಯ ಫೋನಿಗೆ ನಿನ್ನನ್ನು ಕರೆಸಿ ಹೇಳುವ ಮಾತಲ್ಲ ಇದು. ಅಪ್ಪ ಮರಾಠಿ ಸಾಲೆಯಲ್ಲಿ ಓದಿದವನು, ಕನ್ನಡ ಅಕ್ಷರ ಅವನಿಗೆ ಬರುವುದಿಲ್ಲ. ಆದರೂ ಓದಿದ ಮೇಲೆ ಇದನ್ನು ಮನೆಯಲ್ಲಿ ಇಡಬೇಡ.

ನಮ್ಮ ಕ್ಲಾಸಿನ ಮಾಲೀಕ ಕೌಶಿಕ ಸರ್ ಈ ಬೇಸಿಗೆ ಸೂಟಿಯಲ್ಲಿ ಮಕ್ಕಳನ್ನು ಸೆಳೆಯಲು ಒಂದು ಕಾರಿನ ಆಟ ಇಡಬೇಕೆಂದದ್ದು ನಿನಗೆ ಗೊತ್ತೇ ಇದೆ. ಕಂಪ್ಯೂಟರಿನ ಪರದೆಯ ಮೇಲೆ ರಸ್ತೆ ಓಡುತ್ತದೆ, ಕೂತವರು ಅದರ ಮೇಲೆ ಕಾರು ಓಡಿಸಬೇಕು. ಕೀಬೋರ್ಡಿನ ಗುಂಡಿ ಒತ್ತಿ ಆಡಿದರೆ ಅದರಲ್ಲೇನು ಮಜಾ? ಸ್ಟೇರಿಂಗ್ ಬೇಕು, ಪೆಡಲ್ ಬೇಕು, ಕಾರಿನಲ್ಲಿ ಕೂತಂತೆ ಅನ್ನಿಸಬೇಕು. ಡಿಪ್ಲೊಮಾದಲ್ಲಿ ಕಲಿತದ್ದು ಯಾವಾಗ ಉಪಯೋಗಕ್ಕೆ ಬರಬೇಕು ಅಂತ ನಾನೇ ಮಾಡುತ್ತೇನೆ ಅಂದೆ. ಅಪ್ಪನಿಗೆ ಹೇಳಿದ್ದೇ ತಡ, ಪ್ರತಿ ಮಂಗಳವಾರ, ತನ್ನ ರಜೆಯ ದಿನ, ಸೋಲಾಪುರಕ್ಕೆ ಬರತೊಡಗಿದ.

ಅವ್ವ, ಆ ನಾಲ್ಕು ಮಂಗಳವಾರ ನಾನು ಎಷ್ಟು ಖುಷಿಯಲ್ಲಿದ್ದೆ ಅಂತ ಹೇಳಲಾರೆ. ಗುಜರಿ ಅಂಗಡಿಯಲ್ಲಿ ಇಬ್ಬರೂ ಅಲೆದು ಹಳೆ ಜೀಪಿನ ಸೀಟು, ಮಾರುತಿಯ ಸ್ಟೇರಿಂಗ್ ಚಕ್ರ ತಂದೆವು. ಬಾಗಿಲಿನ ಕೀಲುಗಳಿಗೆ ಕಬ್ಬಿಣದ ಪಟ್ಟಿ ಕೂಡಿಸಿ ಪೆಡಲ್ ಮಾಡಿದೆವು. ಹಳೆ ರೇಡಿಯೋದಲ್ಲಿ ಆವಾಜು ಏರಿಸಿ ಇಳಿಸುವ ಗುಂಡಿ ಇರುತ್ತದಲ್ಲ, ಅಂಥದೊಂದನ್ನು ಪೆಡಲಿಗೆ ದಾರದಿಂದ ಕಟ್ಟಿದ್ದೇನೆ. ಪೆಡಲ್ ಒತ್ತಿದಷ್ಟೂ ಗುಂಡಿ ತಿರುಗುತ್ತದೆ, ಎಷ್ಟು ಒತ್ತಿದರು ಅಂತ ಕಂಪ್ಯೂಟರಿಗೆ ತಿಳಿಯುತ್ತದೆ. ಯಾವುದಕ್ಕೆ ಎಂಥ ಸ್ಪ್ರಿಂಗ್ ಹಾಕಬೇಕು ಎಂದು ನಾನು ಕೇಳಿದಾಗ ಅಪ್ಪ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಬ್ರೇಕ್ ಅಂದ್ರ ಕಾಲಿಗೆ ಎದುರ ನಿಲ್ಲಬೇಕವಾ. ಎಕ್ಸಲೇಟರ್ ಅಂದ್ರ ಕಾಲ ಇಟ್ಟಿದ್ದೇ ಗೊತ್ತಾಗಬಾರದು." ಬ್ರೇಕಿಗೆ ಸೈಕಲ್ ಸೀಟಿನ ದಪ್ಪ ಸ್ಪ್ರಿಂಗ್, ಇನ್ನೊಂದಕ್ಕೆ ತೆಳ್ಳನೆಯದು ಹಾಕಿದೆವು.

ಆಟ ಶುರುವಾಗುವ ಮೊದಲು ಪೆಡಲನ್ನು ಪೂರಾ ಒತ್ತಿ, ಪೂರಾ ಬಿಟ್ಟು ಕಂಪ್ಯೂಟರಿಗೆ ತೋರಿಸಿಕೊಡಬೇಕು. ಪರದೆಯ ಮೇಲೆ ಒಂದು ಕೆಂಪು ಪಟ್ಟಿ ಇರುತ್ತದೆ. ಒತ್ತಿದರೆ ಏರುತ್ತದೆ, ಬಿಟ್ಟರೆ ತಳಕ್ಕೆ ಇಳಿಯುತ್ತದೆ. ಮೂರನೆಯ ಮಂಗಳವಾರ ಅಪ್ಪ ಕೂತು, ನನ್ನ ಸಂಗಡ ಮಾತಾಡುತ್ತಾ ಒತ್ತಿ ಬಿಟ್ಟಾಗ ಆ ಪಟ್ಟಿ ತಳಕ್ಕೆ ಇಳಿಯಲೇ ಇಲ್ಲ. ಗುಂಡಿ ಕೆಟ್ಟಿದೆ ಅಂದುಕೊಂಡು ಬದಲಿಸಿದೆ. ದಾರ ಬದಲಿಸಿದೆ, ಸ್ಪ್ರಿಂಗ್ ಬದಲಿಸಿದೆ. ವಾರವೆಲ್ಲ ಅದರ ಮುಂದೆಯೇ ಕೂತಿದ್ದೆ. ಕೇತಕಿ ಕೂತರೆ ಪಟ್ಟಿ ಸರಿಯಾಗಿ ಇಳಿಯುತ್ತಿತ್ತು. ಸರ್ ಕೂತರೂ ಇಳಿಯುತ್ತಿತ್ತು.

ನಿನ್ನೆ ಅಪ್ಪ ಮತ್ತೆ ಬಂದ. ಚಪ್ಪಲಿ ಬಿಟ್ಟು ಕೂತ. ಪರದೆ ನೋಡುತ್ತಾ ಒತ್ತಿದಾಗ ಎಲ್ಲ ಸರಿಯಿತ್ತು. ನನಗೆ ಯಾಕೋ ಪರದೆಯನ್ನು ನನ್ನ ಕಡೆ ತಿರುಗಿಸಬೇಕು ಅನ್ನಿಸಿತು. "ಅಪ್ಪಾ, ಕಣ್ಣ ಮುಚ್ಚು. ಒತ್ತಿ ಬಿಡು, ಬಿಟ್ಟಾಗ ಬಿಟ್ಟೀನಿ ಅನ್ನು," ಅಂದೆ. ಅವನು ನಗುತ್ತಾ ಕಣ್ಣು ಮುಚ್ಚಿದ. ಒತ್ತಿದ. "ಬಿಟ್ಟೀನಿ," ಅಂದ.

ಪಟ್ಟಿ ಅರ್ಧದಲ್ಲೇ ನಿಂತಿತ್ತು.

ಇನ್ನೊಮ್ಮೆ ಅಂದೆ. ಹತ್ತು ಸಲ ಮಾಡಿಸಿದೆ. ಆರು ಸಲ ಹಾಗೇ ಆಯಿತು. ನಾನು ಬಗ್ಗಿ ನೋಡಿದೆ. ಅವನ ಬಲಗಾಲು ಪೆಡಲಿನ ಮೇಲೆ ಭಾರ ಬಿಟ್ಟು ಕೂತಿತ್ತು, ಅವನ ಮುಖ ಮಾತ್ರ ಕಾಲು ಎತ್ತಿದವನ ಮುಖ. ಕೈಯಲ್ಲಿದ್ದ ಸ್ಕ್ರೂಡ್ರೈವರಿನ ತುದಿಯನ್ನು ಅವನ ಹೆಬ್ಬೆರಳಿಗೆ ಒತ್ತಿದೆ. ಜೋರಾಗಿಯೇ ಒತ್ತಿದೆ ಅವ್ವ, ಅಲ್ಲಿ ಗುರುತು ಬಿತ್ತು. ಅವನು ಕಣ್ಣು ಮುಚ್ಚಿಕೊಂಡೇ "ಆತೇನವಾ?" ಎಂದು ಕೇಳಿದ.

ನಾನು ಸುಳ್ಳು ಹೇಳಿದೆ. "ವೈರ್ ಕಿತ್ತೈತಿ ಅಪ್ಪಾ, ಇವತ್ತ ಆಗಂಗಿಲ್ಲ," ಅಂದೆ. ಅವನು ನಾಲ್ಕರ ಗಾಡಿಗೆ ಹೊರಟುಹೋದ. ಇವತ್ತು ಬೆಳಿಗ್ಗೆ ಆರಕ್ಕೆ ಅದೇ ಕಾಲಿನಿಂದ ವಾಗದರಿಯ ಬಸ್ಸು ಓಡಿಸಿರುತ್ತಾನೆ. ಲಗ್ನಸರಾಯಿಯ ದಿನಗಳು, ಬಾಗಿಲ ತನಕ ಮದುವೆಗೆ ಹೋಗುವ ಜನ ತುಂಬಿರುತ್ತಾರೆ. ಅಪ್ಪನ ಹಿಂದೆ ಕಂಡಕ್ಟರ್ ರಾಜರತ್ನ ಕಾಕಾ ಇರುತ್ತಾನೆ ನಿಜ. ಆದರೆ ಕಂಡಕ್ಟರನ ಹತ್ತಿರ ಬ್ರೇಕ್ ಇರುವುದಿಲ್ಲ.

ನಿನಗೇನಾದರೂ ಕಂಡಿದೆಯೇ? ಅವನು ನಡೆಯುವಾಗ, ಸ್ನಾನ ಮಾಡುವಾಗ? ಏನಾದರೂ ಮಾಡಿ ಅವನನ್ನು ರಜೆ ಹಾಕಿಸು, ಡಾಕ್ಟರಿಗೆ ತೋರಿಸು. ನಾನು ಬಂದು ಎದುರಿಗೆ ಹೇಳಬೇಕಿತ್ತು. ಕ್ಲಾಸು ಬಿಡುವಂತಿಲ್ಲ ಅಂತ ಬರೆಯಲು ಹೊರಟಿದ್ದೆ, ಅದು ನೆಪ. ಅಪ್ಪನ ಮುಖ ನೋಡಿ "ನೀ ಇನ್ನ ಗಾಡಿ ಹೊಡೀಬ್ಯಾಡ" ಅನ್ನುವ ಧೈರ್ಯ ನನಗಿಲ್ಲ.

ನಿನ್ನ ಮಗಳು,
ಸೋನು

ತಾ.ಕ.: ಇನ್ನೊಂದು ಪತ್ರ ಬರೆದಿದ್ದೇನೆ, ಮರಾಠಿಯಲ್ಲಿ, ಡಿಪೋ ಸಾಹೇಬರಿಗೆ. ಸಹಿ ಹಾಕಿಲ್ಲ. ನನ್ನ ಚೀಲದಲ್ಲಿದೆ. ಮುಂದಿನ ವಾರದ ಗುರುವಾರದೊಳಗೆ ನಿನ್ನ ಉತ್ತರ ಬರದಿದ್ದರೆ ಅಂಚೆಗೆ ಹಾಕುತ್ತೇನೆ. ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನು.

೦

ಅಕ್ಕಲಕೋಟ,
ಮಂಗಳವಾರ, ೧೨ ಮೇ ೧೯೯೮

ಚಿರಂಜೀವಿ ಸೋನುವಿಗೆ ಅವ್ವನ ಆಶೀರ್ವಾದ ಮತ್ತು ಜಯಭೀಮ.

ನಿನ್ನ ಪತ್ರವನ್ನು ಕೇತಕಿ ಕೊಟ್ಟಳು. ಒಳ್ಳೆಯ ಹುಡುಗಿ, ನೀರು ಕೂಡ ಕುಡಿಯದೆ ಅವಸರದಲ್ಲಿ ಹೋದಳು. ಈ ಉತ್ತರವನ್ನು ರಾಜರತ್ನ ಭಾವಜಿ ನಾಳೆ ಸೋಲಾಪುರದ ಗಾಡಿಯಲ್ಲಿ ಬಂದು ನಿನಗೆ ಮುಟ್ಟಿಸುತ್ತಾರೆ. ಮೊದಲು ಒಂದು ಮಾತು. ನಿನ್ನ ಆ ಮರಾಠಿ ಪತ್ರವನ್ನು ಅಂಚೆಗೆ ಹಾಕಬೇಡ. ಅದರ ಅಗತ್ಯ ಉಳಿದಿಲ್ಲ.

ನನಗೇನಾದರೂ ಕಂಡಿದೆಯೇ ಎಂದು ಕೇಳಿದ್ದೀ. ಕಂಡಿದೆ. ಹೋದ ಚಳಿಗಾಲದಲ್ಲಿ ನಿಮ್ಮಪ್ಪ ಒಂದೇ ಚಪ್ಪಲಿಯಲ್ಲಿ ಸ್ಟ್ಯಾಂಡಿನಿಂದ ಮನೆಗೆ ನಡೆದು ಬಂದರು. "ಇನ್ನೊಂದ ಎಲ್ಲಿ?" ಅಂದ ಮೇಲೆಯೇ ಕಾಲು ನೋಡಿಕೊಂಡರು. ಆಮೇಲೆ ಒಂದು ದಿನ ಸ್ನಾನದ ನೀರಿನ ಒಲೆಯಿಂದ ಕೆಂಡ ಸಿಡಿದು ಬಿತ್ತು, ಅದರ ಮೇಲೆಯೇ ಅವರು ಬಲಗಾಲಿಟ್ಟು ನಿಂತರು. ಸುಟ್ಟ ವಾಸನೆ ನನಗೆ ಮೊದಲು ಬಂತು, ಅವರಿಗಲ್ಲ. ಡಾಕ್ಟರು ಸಕ್ಕರೆ ರೋಗ ಅಂದರು, ಕಾಲಿನ ನರ ಸತ್ತಿವೆ ಅಂದರು. ದವಾಖಾನೆಯಿಂದ ಬರುವಾಗ ನಿಮ್ಮಪ್ಪ, "ರಿಟೈರ್ ಆಗಾಕ ಇನ್ನ ಎರಡ ವರ್ಸದ ಮಾತು, ಹಿರಾ. ಇಪ್ಪತ್ತಾರ ವರ್ಸ ಒಂದ ಕೋಳಿ ಸೈತ ಗಾಲಿ ಬುಡಕ ಬಂದಿಲ್ಲ. ಯಾರ ಮುಂದೂ ಬಾಯಿ ಬಿಡಬ್ಯಾಡ," ಅಂದರು. ನಾನು ಬಿಡಲಿಲ್ಲ. ನಿನ್ನ ಮುಂದೆಯೂ ಬಿಡಲಿಲ್ಲ. ಐದು ತಿಂಗಳಾಯಿತು.

ನಿನ್ನ ಪತ್ರ ಓದಿದ ಮೇಲೆ ನಿದ್ದೆ ಬರಲಿಲ್ಲ. ಶನಿವಾರ, ವಾಗದರಿಯ ಸುಮಿತ್ರಾಬಾಯಿಯ ಮೊಮ್ಮಗಳನ್ನು ನೋಡಿ ಬರುತ್ತೇನೆ ಅಂತ ಅವರದೇ ಬಸ್ಸು ಹತ್ತಿದೆ. ಅವರ ಹಿಂದಿನ ಅಡ್ಡ ಸೀಟಿನಲ್ಲಿ, ಅವರ ಕಾಲು ಕಾಣುವಂತೆ ಕೂತೆ. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಆ ಕಾಲನ್ನು ಅಷ್ಟು ಹೊತ್ತು ಎಂದೂ ನೋಡಿರಲಿಲ್ಲ. ಹೋಗುವಾಗ ಏನೂ ಆಗಲಿಲ್ಲ. ನನಗೂ ಧೈರ್ಯ ಬಂತು, ಸೋನು ಸುಮ್ಮನೆ ಹೆದರಿದ್ದಾಳೆ ಅಂದುಕೊಂಡೆ.

ತಿರುಗಿ ಬರುವಾಗ ಲಗ್ನದ ಮಂದಿ ತುಂಬಿದ್ದರು. ವಾಗದರಿ ದಾಟಿ ಸ್ವಲ್ಪ ದೂರ ಬಂದಿದ್ದೆವು. ಇಳಿಜಾರಿನ ತಿರುವಿನಲ್ಲಿ ರಸ್ತೆಯ ತುಂಬ ಕುರಿಗಳು, ಅವುಗಳ ನಡುವೆ ಒಬ್ಬ ಮುದುಕ. ನಿಮ್ಮಪ್ಪ ಬ್ರೇಕ್ ಒತ್ತಿದರು. ಒತ್ತಿದೆ ಅಂತ ಅವರು ತಿಳಿದಿದ್ದರು. ಕಾಲು ಅರ್ಧ ಬ್ರೇಕಿನ ಮೇಲೆ, ಅರ್ಧ ಎಕ್ಸಲೇಟರಿನ ಮೇಲೆ ಇತ್ತು. ಗಾಡಿ ನಿಲ್ಲುವ ಬದಲು ಒದರಿತು. "ಸೈದಪ್ಪಾ, ಬ್ರೇಕ್ ಹಾಕೋ," ಅಂತ ರಾಜರತ್ನ ಭಾವಜಿ ಹಿಂದಿನಿಂದ ಕೂಗಿದರು. ನಿಮ್ಮಪ್ಪ ಕೆಳಗೆ ನೋಡಿದರು. ಸ್ಟೇರಿಂಗಿನಿಂದ ಒಂದು ಕೈ ತೆಗೆದು, ಮೊಣಕಾಲಿನ ಹತ್ತಿರ ಪ್ಯಾಂಟ್ ಹಿಡಿದು, ಕಾಲನ್ನು ಎತ್ತಿ ಇಟ್ಟರು. ಯಾರದೋ ಕಾಲನ್ನು ಎತ್ತಿ ಇಟ್ಟ ಹಾಗೆ. ಬಸ್ಸು ರಸ್ತೆ ಬಿಟ್ಟು ಜಾಲಿ ಕಂಟಿಯೊಳಗೆ ನುಗ್ಗಿ ನಿಂತಿತು. ಒಬ್ಬ ಹೆಣ್ಣುಮಗಳ ಹಣೆ ಕಬ್ಬಿಣಕ್ಕೆ ಬಡಿದು ಬಾತಿತು. ಅದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆ ಮುದುಕ ಬಸ್ಸಿನ ಮೂತಿಯಿಂದ ಒಂದು ಮೊಳ ದೂರದಲ್ಲಿ ನಿಂತಿದ್ದ. ಓಡಲೂ ಇಲ್ಲ, ಬೈಯಲೂ ಇಲ್ಲ, ಅಲ್ಲೇ ಕುಸಿದು ಕೂತ.

ನಿಮ್ಮಪ್ಪ ಕೆಳಗಿಳಿದು, "ಕಾಲ ನನ್ನ ಮಾತ ಕೇಳವಲ್ದು, ರಾಜರತ್ನ. ಬ್ಯಾರೆ ಡ್ರೈವರನ್ನ ಕರಸು," ಅಂದರು. ಅಕ್ಕಲಕೋಟಕ್ಕೆ ಬಂದ ಮೇಲೆ ತಾವಾಗಿಯೇ ಸಾಹೇಬರ ಹತ್ತಿರ ಹೋಗಿ ಎಲ್ಲ ಹೇಳಿದರು. ಸಾಹೇಬರು ಬೈಯಲಿಲ್ಲ. ಸದ್ಯ ಬೇನೆ ರಜೆ ಹಾಕಿಸಿದ್ದಾರೆ. ಬರುವ ಸೋಮವಾರ ಸೋಲಾಪುರದ ಸರಕಾರಿ ದವಾಖಾನೆಗೆ ಹೋಗಬೇಕು. ಡಾಕ್ಟರರ ಕಾಗದ ಬಂದ ಮೇಲೆ ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಡಬಹುದು, ಕೊಡದೆಯೂ ಇರಬಹುದು. ನಿನ್ನ ಹೆಸರು ಎಲ್ಲಿಯೂ ಬಂದಿಲ್ಲ. ಯಾರು ಕೇಳಿದರೂ, ನಿಮ್ಮಪ್ಪ ತಾವೇ ಹೇಳಿ ತಾವೇ ಗಾಡಿ ಬಿಟ್ಟರು ಅಂತ ಹೇಳು.

ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಚಿಂತೆ ಮಾಡಬೇಡ.

ನಿನ್ನ ಅವ್ವ,
ಹಿರಾಬಾಯಿ

ತಾ.ಕ.: ಸಹಿ ಹಾಕಿ ಮಡಚಿಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ನೀನು ನನ್ನಿಂದ ಏನೂ ಮುಚ್ಚಿಡದೆ ಬರೆದೆ, ನಾನು ಮುಚ್ಚಿಡುವುದು ಸರಿಯಲ್ಲ. ನಿಮ್ಮಪ್ಪ ತಾವಾಗಿ ಹೇಳಲಿಲ್ಲ. ಜಾಲಿ ಕಂಟಿಯಲ್ಲಿ ಬಸ್ಸಿನಿಂದ ಇಳಿದವರೇ "ಬ್ರೇಕ್ ಹತ್ತಲಿಲ್ಲ" ಅಂದರು. ಎಲ್ಲರೂ ನಂಬಿದರು. ಡಿಪೋದಲ್ಲಿ ಹಾಗೆಯೇ ಬರೆದು ಸಹಿ ಮಾಡಿದರು. ನಾನು ಕಣ್ಣಾರೆ ನೋಡಿದವಳು, ಸುಮ್ಮನಿದ್ದೆ. ರವಿವಾರ ಗಿರಿಜಾಬಾಯಿ ನಮ್ಮ ಮನೆಗೆ ಬಂದಳು. ಆ ಬಸ್ಸಿನ ಬ್ರೇಕ್ ನೋಡಿದ ಮೆಕ್ಯಾನಿಕ್ ಹಣಮಂತಪ್ಪನ ಹೆಂಡತಿ. "ಅವರು ಎರಡ ಸಲ ನೋಡೇ ಬಿಟ್ಟಿದ್ರಂತ, ವೈನಿ. ಈಗ ತಪ್ಪ ಅವರದೇ ಅಂತ ಅವರ ಮ್ಯಾಲೇ ಚೌಕಶಿ ಕೂತೈತಿ," ಅಂತ ಅತ್ತಳು. ನಿಮ್ಮಪ್ಪ ಒಳಗಿನ ಕೋಣೆಯಲ್ಲಿದ್ದರು. ಎಲ್ಲ ಕೇಳಿಸಿತ್ತು. ಹೊರಗೆ ಬರಲಿಲ್ಲ.

ನಿನ್ನೆ ಸೋಮವಾರ ನಾನೇ ಸಾಹೇಬರ ಹತ್ತಿರ ಹೋದೆ. ರಾಜರತ್ನ ಭಾವಜಿಯನ್ನೂ ಕರೆದುಕೊಂಡು ಹೋದೆ. ನಿಮ್ಮಪ್ಪನನ್ನು ಕರೆಸಿದರು. ಅವರು ಮತ್ತೂ ಬ್ರೇಕ್ ಅಂದರು. ಆಗ ನಾನು ಎಲ್ಲರ ಮುಂದೆ ಅವರ ಬೂಟು ಬಿಚ್ಚಿಸಿ ಅಂಗಾಲಿನಲ್ಲಿ ಇನ್ನೂ ಮಾಯದ ಆ ಸುಟ್ಟ ಗಾಯ ತೋರಿಸಿದೆ. ನಿಮ್ಮಪ್ಪ ನನ್ನನ್ನು ಒಮ್ಮೆ ನೋಡಿದರು. ಆಮೇಲೆ, ತಪ್ಪು ಬ್ರೇಕಿನದಲ್ಲ ಕಾಲಿನದು ಅಂತ ಸಾಹೇಬರು ಬರೆದ ಕಾಗದದ ಮೇಲೆ ಸಹಿ ಮಾಡಿದರು.

ನಿನ್ನೆಯಿಂದ ಮನೆಯಲ್ಲಿ ಮಾತಿಲ್ಲ. ಒಂದೇ ಒಂದು ಸಲ, "ಸೋನೂಗ ಗೊತ್ತೈತೇನು?" ಅಂತ ಕೇಳಿದರು. "ಇಲ್ಲ," ಅಂದೆ. ಬಿಗಿದಿದ್ದ ಅವರ ಹೆಗಲು ಸ್ವಲ್ಪ ಸಡಿಲಾಯಿತು. ಬರುವ ಸೋಮವಾರ ದವಾಖಾನೆಗೆ ಬಂದಾಗ ನಿನ್ನ ಹತ್ತಿರ ಬರುತ್ತಾರೆ. ಅವರು ತಾವಾಗಿ ಹೇಳುವ ತನಕ ನೀನು ಏನೂ ಕೇಳಬೇಡ. ನನ್ನ ಸಂಗಡ ಮಾತು ಬಿಟ್ಟಿದ್ದಾರೆ, ನಾನು ತಡೆದುಕೊಳ್ಳುತ್ತೇನೆ. ನಿನ್ನ ಸಂಗಡವೂ ಬಿಟ್ಟರೆ ಅವರಿಗೆ ಮಾತಾಡಲು ಯಾರೂ ಇರುವುದಿಲ್ಲ.