ವಿಯೆನ್ನಾ ಪಂಡಿತನ ಹೆಂಡತಿ

ಮೆಲಾಕಾ
14 ನವೆಂಬರ್ 2021

ತಾಹಿರ್ ಸಾಹೇಬರಿಗೆ ಫರೀಹಾಳ ಸಲಾಂ.

ಹಿಂದೆಲ್ಲ ನನ್ನ ಜೀವವೇ ಎಂದು ಬರೆಯುತ್ತಿದ್ದೆ. ಈಗ ನೀವು ಗ್ರಂಥಕರ್ತರು, ಸಾಹೇಬರೆನ್ನುವುದೇ ಸರಿ. ಊರಿಂದೂರಿಗೆ ಓಡಾಡಲು ಸರ್ಕಾರ ಬಿಟ್ಟು ತಿಂಗಳಾಯಿತು. ಕೌಲಾಲಂಪುರದಿಂದ ಇಲ್ಲಿಗೆ ಎರಡು ಗಂಟೆಯ ದಾರಿ. ನೀವು ಬರಲಿಲ್ಲ, ಕೊರಿಯರ್‌ನಲ್ಲಿ ನಿಮ್ಮ ಪುಸ್ತಕ ಬಂತು.

ವಿಯೆನ್ನಾ ಬಿಟ್ಟು ಕದಲದೆ, ಕೋಣೆಯಲ್ಲಿ ಕೂತೇ ಚೀನಿ, ಜಪಾನಿ ಕಲಿತ ಹತ್ತೊಂಬತ್ತನೆಯ ಶತಮಾನದ ಪಂಡಿತ ವೈಡ್ಲಿಂಗರನ ಜೀವನಚರಿತ್ರೆ. ಅವನ ದಿನಚರಿ ಓದಿದವಳು ನಾನು. ವೈದ್ಯಕೀಯ ಓದುವಾಗ ಹಟಕ್ಕೆ ಬಿದ್ದು ನಾನು ಕಲಿತ ಜರ್ಮನ್ ನಿಮಗೆ ಬರುವುದಿಲ್ಲವಲ್ಲ. ಕೋವಿಡ್ ವಾರ್ಡಿನಿಂದ ಬಂದು, ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಕಟ್ಟಿಸಿಕೊಂಡ ರೊಟ್ಟಿ ತಿನ್ನುತ್ತ, ಒಂದೊಂದೇ ಪುಟ ಅನುವಾದಿಸಿ ಕಳಿಸಿದೆ. ಇಬ್ಬರ ಹೆಸರೂ ಇರುತ್ತದೆ, ನಿನ್ನದೇ ಮೊದಲು ಎಂದು ಫೋನಿನಲ್ಲಿ ಹೇಳಿದವರು ನೀವೇ.

ಮುಖಪುಟದಲ್ಲಿ ನಾನಿಲ್ಲ. ಕೃತಜ್ಞತೆಯ ಪುಟದ ಕೊನೆಯಲ್ಲಿದ್ದೇನೆ: ಲಾಕ್‌ಡೌನ್ ದಿನಗಳಲ್ಲಿ ಹೊತ್ತುಹೊತ್ತಿಗೆ ಚಹಾ ಮಾಡಿಕೊಟ್ಟ ಮಡದಿಗೆ. ಯಾವ ಚಹಾ? ನೀವು ಕೌಲಾಲಂಪುರದ ಮಾಂಟ್ ಕಿಯಾರಾದಲ್ಲಿ, ನಾನಿಲ್ಲಿ, ನಡುವೆ ಪೊಲೀಸರು. ಏಳು ತಿಂಗಳು ನಿಮ್ಮ ಮುಖ ನೋಡಿರಲಿಲ್ಲ. ಸುಳ್ಳನ್ನಾದರೂ ಸರಿಯಾಗಿ ಹೇಳಬಾರದೆ? ಮೊದಲು ನಗು ಬಂತು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ನಿಮ್ಮ ಅಕ್ಕ ಸಿತಾರಾ ಫೋನ್ ಮಾಡಿ, ಗಂಡನ ಹೆಸರು ಬೇರೆ, ಹೆಂಡತಿ ಹೆಸರು ಬೇರೆನಾ, ಇಷ್ಟಕ್ಕೆಲ್ಲ ಮುನಿಸು ಯಾಕೆ ಅಂದರು. ಬೇರೆಯಲ್ಲವಾದರೆ ನನ್ನದನ್ನೇ ಹಾಕಬಹುದಿತ್ತಲ್ಲ ಎಂದೆ. ಫೋನ್ ಇಟ್ಟುಬಿಟ್ಟರು.

ನಿನ್ನೆ ನಿಮ್ಮ ಸಂದೇಶ. ಕ್ಷಮೆ ಕೇಳಿರಬಹುದೆಂದು ಆಸೆಯಿಂದ ತೆರೆದೆ. ಪಂಡಿತ ತನ್ನ ಹೆಂಡತಿಯ ಬಗ್ಗೆ ಬರೆದ ಆ ಮಾತು ದಿನಚರಿಯ ಯಾವ ಪುಟದ್ದು, ದಿನಚರಿ ಇಟ್ಟಿರುವ ವಿಯೆನ್ನಾದ ಗ್ರಂಥಾಲಯದವರು ಕೇಳುತ್ತಿದ್ದಾರೆ, ಬೇಗ ಕಳಿಸು ಎಂದಿತ್ತು. ಊಟ ಆಯಿತಾ ಎಂದೂ ಇಲ್ಲ. ನೀವು ನನಗೆ ಮೋಸ ಮಾಡಿದಿರಿ. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ವಿಮಾನ ಸಿಕ್ಕ ಕೂಡಲೇ ಭಟ್ಕಳದ ತವರಿಗೆ ಹೋಗುತ್ತೇನೆ, ಒಬ್ಬಳೇ.

ಇತಿ,
ಡಾ. ಫರೀಹಾ

ತಾ.ಕ.: ಆ ಪುಟ ಹುಡುಕಬೇಡಿ. ಪಂಡಿತ ಹೆಂಡತಿಯ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ‘ಬರೆದ ಕೈ ಅವಳದು, ಹೆಸರು ನನ್ನದು, ಈ ನಾಚಿಕೆಯನ್ನು ಯಾವ ಭಾಷೆಯಲ್ಲಿ ಹೇಳಲಿ’ ಎಂಬುದನ್ನು ಅನುವಾದದಲ್ಲಿ ಸೇರಿಸಿದವಳು ನಾನು. ಜನವರಿಯಲ್ಲಿ ನೀವು ನನ್ನ ಹೆಸರಿನ ಮಾತೆತ್ತುವುದನ್ನು ನಿಲ್ಲಿಸಿದ್ದಿರಿ. ಓದಿದರೆ ನಾನು ನೆನಪಾಗುತ್ತೇನೆ ಎಂದುಕೊಂಡಿದ್ದೆ. ನೀವು ಒಂದು ಅಲ್ಪವಿರಾಮ ತಿದ್ದಿ ಅಚ್ಚಿಗೆ ಕೊಟ್ಟಿರಿ.